ಮೂರು ದಿನ ಬಂದ ಕರಿ ಗುಂಡಿ

ಆ ದಿನ ನಮ್ಮ ಮನೆಯವರು ಹೊತ್ತು ಏರುವ ತನಕ ಮಲಗಿದ್ದರು. ಹಿಂದಿನ ಎರಡು ರಾತ್ರಿ ಹೊಲ ಕಾದು ಬಂದ ಮೈ. ಎದ್ದು ಮುಖ ತೊಳೆದು ರೊಟ್ಟಿ ಉಂಡರು. ಪಲ್ಯಕ್ಕೆ ಉಪ್ಪು ಸಾಲದು ಅಂದರು. ಉಪ್ಪಿನ ಡಬ್ಬಿ ಮುಂದಕ್ಕೆ ತಳ್ಳಿದೆ. ಅಷ್ಟೇ ಮಾತು.

ಊಟ ಆದ ಮೇಲೆ ಅಂಗಳದಲ್ಲಿ ಮಂಚ ಮಗ್ಗುಲಿಗೆ ಹಾಕಿ, ಜೋತುಬಿದ್ದ ಪಟ್ಟಿ ಬಿಗಿದರು. ಒಂದು ಕಡೆ ಆಯಿತು. ಇನ್ನೊಂದು ಕಡೆ ನಾಳೆ ನೋಡೋಣ ಎಂದು ಬಿಟ್ಟರು.

ಸಂಜೆ ನಾನು ಜೋಳ ಬೀಸಿಸಲು ಗಿರಣಿಗೆ ಹೋದೆ. ಗಿರಣಿ ಇರುವುದು ಹನುಮಪ್ಪನ ಗುಡಿ ಕಟ್ಟೆಯ ಎದುರಿಗೆ. ಹಾಗಾಗಿ ಆ ದಿನ ಗಂಡಸರು ಗುಂಡಿ ಎತ್ತಿದ್ದನ್ನು ಕಣ್ಣಾರೆ ನೋಡಿದೆ.

ಗುಂಡಿ ಎತ್ತುವುದು ಎಂದರೆ ಏನು ಎಂದು ಹೇಳಬೇಕು. ನಮ್ಮೂರು ದರೋಜಿಗೆ ದೂರವಿಲ್ಲ. ಊರ ಹಿಂದೆ ಬಂಡೆಗಳ ಗುಡ್ಡ. ಗುಡ್ಡದಲ್ಲಿ ಕರಡಿ. ಮೆಕ್ಕೆಜೋಳದ ತೆನೆ ಹಾಲು ಕಟ್ಟಿದ ದಿನದಿಂದ ಮುರಿಯುವ ತನಕ, ಹೆಚ್ಚುಕಡಿಮೆ ಎರಡು ತಿಂಗಳು, ರಾತ್ರಿ ಹೊಲ ಕಾಯಬೇಕು. ಹೊಲಕ್ಕೆ ಹೊಲ ಹತ್ತಿಕೊಂಡ ಐದು ಮನೆಯವರು ಕೂಡಿ ಕಾಯುತ್ತೇವೆ. ಐದು ಕಡೆ ಕೋಲು ಕಟ್ಟಿದ ಅಟ್ಟಣಿಗೆಗಳಿವೆ. ನಾಲ್ಕು ಬಯಲಲ್ಲಿ. ಐದನೆಯದು ಗುಡ್ಡದ ಬುಡಕ್ಕೆ, ದೊಡ್ಡ ಬಂಡೆಯ ಪಕ್ಕ. ಕರಡಿ ಇಳಿಯುವ ದಾರಿ ಅದು. ಅಲ್ಲಿಗೆ ನಾನು ಹೋಗುತ್ತೇನೆ ಎಂದು ಯಾರೂ ಅನ್ನುವುದಿಲ್ಲ.

ಮೊದಲು ಪಾಳಿ ಇತ್ತು. ಬಂಡೆಯ ಪಾಳಿ ಬಂದ ದಿನ ಒಬ್ಬನಿಗೆ ಜ್ವರ ಬರುತ್ತಿತ್ತು. ಇನ್ನೊಬ್ಬನ ಮನೆಗೆ ಬೀಗರು ಬರುತ್ತಿದ್ದರು. ಪಾಳಿ ಸಾಕು ಎಂದು ಹಿರಿಯರು ಗುಂಡಿ ಹಚ್ಚಿದರು. ಚರಿಗೆಯೊಳಗೆ ಐದು ಅಂಗಿ ಗುಂಡಿ ಹಾಕುವುದು. ನಾಲ್ಕು ಬಿಳಿ, ಒಂದು ಕರಿ. ಎಲ್ಲಾ ಒಂದೇ ಅಳತೆ. ದಿನಾ ಸಂಜೆ ಒಬ್ಬೊಬ್ಬರೇ ಕೈ ಹಾಕಿ ಒಂದೊಂದು ತೆಗೆಯಬೇಕು. ಕರಿ ಬಂದವನು ಆ ರಾತ್ರಿ ಬಂಡೆಗೆ. ಮಾರನೆಯ ಸಂಜೆ ಐದೂ ಗುಂಡಿ ಮತ್ತೆ ಚರಿಗೆಗೆ.

ಚರಿಗೆ ಹಿಡಿಯುವವನು ಅಂಜಿನಯ್ಯ. ನಮ್ಮ ಪಕ್ಕದ ಮನೆಯವನು. ಒಳಗೆ ಕಾಣದ ಹಾಗೆ ತಲೆಯ ಎತ್ತರಕ್ಕೆ ಹಿಡಿಯುತ್ತಿದ್ದ. ಮೊದಲ ಕೈ ಯಾವಾಗಲೂ ಅವನದು. ಕೊನೆಯ ಕೈ ಯಾವಾಗಲೂ ನಮ್ಮ ಮನೆಯವರದು.

“ಲೇ ಅಂಜಿನಿ, ಚರಿಗಿ ಚೆಂದಂಗ ಕುಲುಕಲೇ. ಮೊನ್ನೆ ನಿನ್ನೆ ಎರಡೂ ದಿನ ಸುಂಕಪ್ಪ ಮಾವಗ ಬಂದೈತಿ,” ಅಂದ ಹೊನ್ನೂರುಸ್ವಾಮಿ. ಅವನು ಐವರಲ್ಲಿ ಚಿಕ್ಕವನು, ಬಾಯಿ ಜೋರು.

“ಕುಲುಕೀನಲೇ. ನಿನ್ನ ತಲಿ ಕುಲುಕಿದ್ರ ಇಷ್ಟೂ ಸಪ್ಪಳ ಬರಂಗಿಲ್ಲ,” ಅಂದ ಅಂಜಿನಯ್ಯ.

ಅಂಜಿನಯ್ಯ ತೆಗೆದ. ಬಿಳಿ. ಹೊನ್ನೂರುಸ್ವಾಮಿ ತೆಗೆದು ಕಣ್ಣಿಗೆ ಒತ್ತಿಕೊಂಡ. ಬಿಳಿ. ಉಳಿದ ಇಬ್ಬರು ಅಣ್ಣತಮ್ಮಂದಿರು. ಅವರೂ ತೆಗೆದರು. ಎರಡೂ ಬಿಳಿ. ಎಲ್ಲರೂ ನಮ್ಮ ಮನೆಯವರ ಕಡೆ ತಿರುಗಿ ನಕ್ಕರು.

“ಇನ್ನೇನ್ ನೋಡ್ತಿ ಮಾವ, ನಡಿ. ಕರಡಿಗೆ ನಿನ್ನ ಮ್ಯಾಲ ಮನಸಾಗೈತಿ.”

“ಆಗ್ಲಿ ಬಿಡಲೇ. ಮನ್ಯಾಗಿರಾಕಿಗಿಂತ ಅದು ಮೆತ್ತಗ ಮಾತಾಡತೈತಿ.”

ನಾನು ಗಿರಣಿ ಬಾಗಿಲಿಂದಲೇ ಕೂಗಿದೆ, “ಹಂಗಾರ ಬುತ್ತೀನೂ ಅದರ ಕೈಲೇ ಕಟ್ಟಿಸ್ಕೊಳ್ರಿ.”

ಮತ್ತೂ ನಕ್ಕರು. ಉಳಿದಿರುವುದು ಕರಿಯೇ ಎಂದು ಎಲ್ಲರಿಗೂ ಗೊತ್ತು. ಆದರೂ ಇವರು ಚರಿಗೆಯೊಳಗೆ ಕೈ ಹಾಕಿ, ತೆಗೆದು, ನೋಡಿ, ತಿರುಗಿ ಅಂಜಿನಯ್ಯನ ಕೈಗೆ ಕೊಟ್ಟರು. ಕೈ ಹಾಕದೆ ಒಪ್ಪಿಕೊಂಡರೆ ಅದು ತಮ್ಮದಾಗುವುದಿಲ್ಲ ಎಂಬ ಮನುಷ್ಯ.

ಬುತ್ತಿ ನಾನೇ ಕಟ್ಟಿದೆ.

ಮಾರನೆಯ ದಿನ ಬೆಳಕು ಹರಿದ ಮೇಲೆ ಇವರು ಅಟ್ಟಣಿಗೆ ಇಳಿದಿದ್ದಾರೆ. ಮನೆಗೆ ಬರಲು ಬಂಡೆ ಸುತ್ತಿಕೊಂಡು ಹೊರಟಿದ್ದಾರೆ. ಬಂಡೆಯ ಆ ಬದಿಗೆ ತಾಯಿ ಕರಡಿ, ಎರಡು ಮರಿ. ಹೊಲದಿಂದ ಗುಡ್ಡಕ್ಕೆ ತಿರುಗಿ ಹೋಗುವ ಹೊತ್ತು ಅದಕ್ಕೂ. ಕೂಗು ಕೇಳಿ ಮೊದಲು ಓಡಿದವನು ಅಂಜಿನಯ್ಯ. ಕೋಲು ಬಡಿದು ಓಡಿಸಿದ. ತನ್ನ ಪಂಚೆ ಬಿಚ್ಚಿ ಇವರ ತಲೆಗೆ ಸುತ್ತಿದ. ಟೆಂಪೋದಲ್ಲಿ ಹಾಕಿಕೊಂಡು ಹೊಸಪೇಟೆ ದಾರಿ ಹಿಡಿದೆವು. ಕಮಲಾಪುರ ದಾಟಲಿಲ್ಲ.

ಮುಖದ ಬಗ್ಗೆ ಬರೆಯುವುದಿಲ್ಲ.

ಅವರು ಹುಟ್ಟಿದ್ದು ಸಂಡೂರು ಕಡೆಯ ಬಂಡ್ರಿಯಲ್ಲಿ. ತುಂಬಿದ ಮನೆ. ಶಾಲೆಗೆ ಹೋದದ್ದು ಕಡಿಮೆ. ಮೀಸೆ ಮೂಡುವಾಗಲೇ ಗಣಿಗೆ ಹೋದರು. ಕಲ್ಲಿಗೆ ತೂತು ಹೊಡೆಯುವ ಮಿಷನ್ನಿನ ಹೆಲ್ಪರ್. ಬ್ಲಾಸ್ಟ್ ಮಾಡುವಾಗ ಒಂದು ದಿನ ಹತ್ತಿರ ನಿಂತಿದ್ದರಂತೆ. ಎಡಗಿವಿ ಅವತ್ತಿಗೆ ಮುಗಿಯಿತು. ಅದಕ್ಕೆ ಅವರು ಅಳುತ್ತಾ ಕೂರಲಿಲ್ಲ. ನಾನು ಬೈಯಲು ಶುರು ಮಾಡಿದರೆ ಬಲಗಿವಿ ದಿಂಬಿಗೆ ಒತ್ತಿ ಮಲಗಿಬಿಡುತ್ತಿದ್ದರು. ನಾನು ಬೈದದ್ದೆಲ್ಲಾ ಗೋಡೆ ಕೇಳುತ್ತಿತ್ತು.

ಗಣಿ ನಿಂತಾಗ ಮಗಳು ಸುಕನ್ಯಾ ಇನ್ನೂ ಚಿಕ್ಕವಳು. ನನ್ನ ಅಣ್ಣ ಉಚ್ಚೆಂಗೆಪ್ಪ ಅಷ್ಟರಲ್ಲಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ ಮಾಡಿದ್ದ. ಅದಿರು ಲಾರಿ ತೂಗುವ ಕಾಟಾದಲ್ಲಿ ಕೆಲಸ. ಅಪ್ಪನ ಹೊಲ ಬೀಳು ಬಿದ್ದಿತ್ತು. ನೀವೇ ಮಾಡಿರಿ ಅಂದ. ನಾವು ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದೆವು. ಒಕ್ಕಲುತನ ಅವರಿಗೆ ಗೊತ್ತಿರಲಿಲ್ಲ. ಕಂಪ್ಲಿ ಕಡೆ ಬಾಳೆ ತೋಟದಲ್ಲಿ ಒಂದು ವರ್ಷ ಕೂಲಿ ಮಾಡಿ, ನೋಡಿ ಕಲಿತರು.

ನಿಧಾನದ ಮನುಷ್ಯ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿ. ಬಸ್ಸಿಗೆ ಕೊನೆಗೆ ಹತ್ತುವುದು. ಒಮ್ಮೆ ನಾನು ಸಿಟ್ಟಿನಿಂದ ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, “ಮುಂದ ನಿಂತ್ರ ಹಿಂದಿನವರು ನೂಕತಾರ. ಹಿಂದ ನಿಂತ್ರ ಯಾರು ನೂಕತಾರ?” ಅಂದರು. ಸುಕನ್ಯಾ ಸಣ್ಣವಳಿದ್ದಾಗ ಹಂಪಿಗೆ ಹೋಗಿ ಹರಿಗೋಲು ಹತ್ತಿದೆವು. ಆ ದಡ ಮುಟ್ಟುವ ತನಕ ಕಣ್ಣು ಮುಚ್ಚಿಕೊಂಡೇ ಕುಂತಿದ್ದರು. ನೀರು ಕಂಡರೆ ಅಷ್ಟು ಅಂಜಿಕೆ. ಕರಡಿಗೆ ಅಂಜಿದ್ದನ್ನು ನಾನು ನೋಡಲಿಲ್ಲ.

ಗುಂಡಿ ಎತ್ತುವಾಗ ಕೊನೆಗೆ ಕೈ ಹಾಕುತ್ತಿದ್ದದ್ದೂ ಈ ಗುಣಕ್ಕೇ. ಬೇರೆ ಕಾರಣ ಇರಲಿಲ್ಲ. ಆದರೆ ಮಣ್ಣು ಮಾಡಿ ಬಂದ ಮೇಲೆ ಊರೆಲ್ಲಾ ಅದೇ ಮಾತು. ಕೊನೆಗೆ ಹಾಕಿದರೆ ಉಳಿದದ್ದೇ ತಾನೇ ಬರುವುದು, ಮೊದಲು ಹಾಕಿದ್ದರೆ ಬದುಕುತ್ತಿದ್ದ, ಅಂತ.

ದಿನದ ಕಾರ್ಯಕ್ಕೆ ಬಂದ ಅಣ್ಣ ಎಲ್ಲಾ ಕೇಳಿಸಿಕೊಂಡ. ನೆಂಟರು ಹೋದ ಮೇಲೆ ನನ್ನ, ಸುಕನ್ಯಾಳ ಹತ್ತಿರ ಕುಂತು ಮೊಬೈಲ್ ತೆಗೆದ.

“ಜಂಬವ್ವ, ಇಲ್ಲಿ ಕೇಳು. ಗುಂಡಿ ಎಷ್ಟು?”

“ಐದು.”

“ಹೌದಾ? ಒಂದಿನ ಕರಿ ಬರೋದು ಐದರಾಗ ಒಂದು. ಎರಡು ದಿನ ಸತತ ಬರೋದು ಅಂದ್ರ ಐದೈದಲ ಇಪ್ಪತ್ತೈದರಾಗ ಒಂದು. ಮೂರು ದಿನ ಅಂದ್ರ ನೂರಾ ಇಪ್ಪತ್ತೈದರಾಗ ಒಂದು. ಕರಡಿ ಬಂದಿದ್ದು ಎಡಕ್ಕ. ಭಾವಗ ಕೇಳದಿದ್ದ ಕಿವಿ ಎಡಕ್ಕ. ಅದು ಎಡಕ್ಕೂ ಬರಬೋದಿತ್ತು, ಬಲಕ್ಕೂ ಬರಬೋದಿತ್ತು. ಎರಡರಿಂದ ಗುಣಸು. ಇನ್ನೂರೈವತ್ತರಾಗ ಒಂದು. ಇದು ತಾನ ಆತು ಅಂತಿಯೇನು?”

“ಮತ್ತ?”

“ಕರಡಿದು ಬಿಡು, ಅದು ಮೃಗ. ಗುಂಡಿದು ಹೇಳು. ಚರಿಗಿ ಯಾರ ಕೈಯಾಗಿತ್ತು? ಮೊದಲ ಕೈ ಯಾರದು? ಕರಿ ಗುಂಡಿ ಅಂಗೈಯಾಗ ಇಟ್ಕಂಡು, ನಾಕು ಮಂದಿ ತಗದ ಮ್ಯಾಲ ಮೆಲ್ಲಕ ಒಳಗ ಬಿಟ್ರ ಯಾರಿಗೆ ಗೊತ್ತಾಗತೈತಿ? ಬಂಡಿಗೆ ಹೋಗೋದು ತಪ್ಪಿಸ್ಕಬೇಕು ಅಂತ ಮಾಡ್ಯಾನ.”

ಅಣ್ಣ ಕೆಟ್ಟವನಲ್ಲ. ತಂಗಿಯ ಮೇಲಿನ ಸಂಕಟಕ್ಕೆ ಹೇಳಿದ. ಆ ಲೆಕ್ಕ ನನಗೆ ಹಿಡಿಸಿತು. ಅಲ್ಲಿಯ ತನಕ ನಾನು ಅನ್ನ ಮುಟ್ಟಿರಲಿಲ್ಲ. ಆ ದಿನ ಉಂಡೆ. ಕರಡಿಯನ್ನು ಬೈಯಲು ಆಗುವುದಿಲ್ಲ, ಅದು ಗುಡ್ಡದಲ್ಲಿ ಇರುತ್ತದೆ. ಅಂಜಿನಯ್ಯ ಪಕ್ಕದ ಮನೆಯಲ್ಲಿ ಇದ್ದ. ಅವನ ಕೆಮ್ಮು ಗೋಡೆಯಾಚೆ ಕೇಳುತ್ತಿತ್ತು.

ಅವನ ಹೆಂಡತಿ ಎರ್ರಮ್ಮ ಗಂಜಿ ತಂದಳು. ಹೊಸ್ತಿಲಲ್ಲೇ ನಿಲ್ಲಿಸಿದೆ. “ನಿನ್ನ ಗಂಡನ್ನ ಕೇಳು, ಅಂಗೈಯಾಗ ಏನಿತ್ತಂತ,” ಅಂದೆ. ಅವಳಿಗೆ ತಿಳಿಯಲಿಲ್ಲ. ಸಂಜೆಯೊಳಗೆ ಊರವರು ತಿಳಿಸಿದರು.

ಅದಾದ ಮೇಲೆ ಗುಂಡಿ ಎತ್ತುವುದು ನಿಂತಿತು. ಚರಿಗೆ ಹಿಡಿಯಲು ಯಾರೂ ಒಪ್ಪಲಿಲ್ಲ. ಬಂಡೆಯ ಅಟ್ಟಣಿಗೆ ಖಾಲಿ ಬಿತ್ತು. ಆ ಕಡೆಯ ತೆನೆ ಕರಡಿಯ ಪಾಲಾಯಿತು. ಹಿರಿಯರಾದ ಹುಲುಗಪ್ಪಜ್ಜ ಹೇಳಿಕಳಿಸಿದರು. ಸೋಮವಾರ ಹನುಮಪ್ಪನ ಕಟ್ಟೆಗೆ ಎರಡೂ ಮನೆಯವರು ಬರಬೇಕು. ಜಂಬವ್ವ ಎಲ್ಲರ ಮುಂದೆ ಅಂಜಿನಯ್ಯನ ಹೆಸರು ಹೇಳಿದರೆ ಅವನು ಕೂಟದಿಂದ ಹೊರಗೆ. ಅವನ ಹೊಲ ಯಾರೂ ಕಾಯುವುದಿಲ್ಲ. ಅವನ ಮನೆಯ ಮದುವೆಗೆ, ಸಾವಿಗೆ ಯಾರೂ ಹೋಗುವುದಿಲ್ಲ. ಹೇಳಬೇಕಾದವಳು ನಾನು ಒಬ್ಬಳೇ.

ಹೇಳುವುದು ಎಂದು ನಾನು ಗಟ್ಟಿ ಮಾಡಿದ್ದೆ. ಆದರೆ ಕಟ್ಟೆಯಲ್ಲಿ ಯಾರಾದರೂ, ಮೂರು ಸಲ ತಾನಾಗೇ ಬರಬಾರದೇನು ಎಂದು ಕೇಳಿದರೆ? ಅಣ್ಣನ ಲೆಕ್ಕ ನನಗೆ ಬಾಯಿಪಾಠ ಬರಲಿಲ್ಲ. ಬರುವುದಿಲ್ಲ, ನಾನೇ ತೆಗೆದು ನೋಡಿದ್ದೇನೆ ಎಂದು ಹೇಳಬೇಕು ಅನ್ನಿಸಿತು.

ಅವರ ಬಿಳಿ ಅಂಗಿಯಿಂದ ನಾಲ್ಕು ಗುಂಡಿ ಕತ್ತರಿಸಿದೆ. ಸ್ವೆಟರ್ ತೋಳಿನಿಂದ ಅದೇ ಅಳತೆಯ ಒಂದು ಕರಿ. ಹಾಕಿಕೊಳ್ಳುವವರು ಇರಲಿಲ್ಲ. ನಮ್ಮ ಚರಿಗೆಯಲ್ಲಿ ಹಾಕಿದೆ. ಅಡುಗೆಮನೆ ಗೋಡೆಗೆ ಇದ್ದಿಲಿಂದ ಐದು ಗೆರೆ ಎಳೆದೆ, ಐವರಿಗೆ ಐದು. ಮೊದಲನೆಯದು ಅಂಜಿನಯ್ಯನದು. ಎರಡನೆಯದು ಹೊನ್ನೂರುಸ್ವಾಮಿಯದು. ಆಮೇಲೆ ಆ ಅಣ್ಣತಮ್ಮಂದಿರದು. ಕೊನೆಯದು ನಮ್ಮ ಮನೆಯವರದು. ಕಣ್ಣು ಮುಚ್ಚಿ, ಕುಲುಕಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ತೆಗೆದೆ. ಕರಿ ಯಾರಿಗೆ ಬಂತೋ ಅವರ ಗೆರೆಯ ಕೆಳಗೆ ಒಂದು ಚುಕ್ಕೆ. ಅದು ಒಂದು ದಿನ. ಐದೂ ತಿರುಗಿ ಚರಿಗೆಗೆ. ಮತ್ತೆ ಕುಲುಕಿ ಇನ್ನೊಂದು ದಿನ.

ಮಧ್ಯಾಹ್ನ ಕುಂತವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಮಾರನೆಯ ದಿನವೂ ಕುಂತೆ. ಮೂರು ಸಲ ಸತತ ಯಾರಿಗೂ ಬರಬಾರದು ಎಂದು ಬೇಡಿಕೊಂಡು ತೆಗೆಯುತ್ತಿದ್ದೆ.

ಮೊದಲು ಬಂದದ್ದು ಹೊನ್ನೂರುಸ್ವಾಮಿಗೆ. ಮೂರು ಸಲ, ಒಂದರ ಹಿಂದೆ ಒಂದು. ಕೈ ತಪ್ಪಿರಬೇಕು ಅಂದುಕೊಂಡೆ. ಆಗ ನೆನಪಾಯಿತು. ಇದೇ ಹಂಗಾಮಿನಲ್ಲಿ, ತೆನೆ ಇನ್ನೂ ಎಳೆಯದಾಗಿದ್ದಾಗ, ನಿಜವಾಗಿಯೂ ಹೊನ್ನೂರುಸ್ವಾಮಿಗೆ ಮೂರು ದಿನ ಕರಿ ಬಂದಿತ್ತು. ಬಂಡೆಯ ಹತ್ತಿರವೇ ಒಂದು ಗುಡಿಸಲು ಹಾಕಿಕೋ ಎಂದು ಊರೆಲ್ಲಾ ಕಾಡಿಸಿದ್ದರು. ಅವನು ಬದುಕಿ ಬಂದ. ಹಾಗಾಗಿ ಅದನ್ನು ಯಾರೂ ಲೆಕ್ಕ ಇಡಲಿಲ್ಲ.

ಆದರೂ ಬಿಡಲಿಲ್ಲ. ಕೊನೆಯ ಕೈಗೆ ಮೂರು ಸಲ ಬರುವುದಿಲ್ಲ ಎಂದು ಮತ್ತೆ ತೆಗೆದೆ. ಶನಿವಾರ ಮಧ್ಯಾಹ್ನ ಕೊನೆಯ ಗೆರೆಗೆ ಒಂದು ಚುಕ್ಕೆ ಬಂತು. ಮತ್ತೆ ಕುಲುಕಿದೆ. ಮತ್ತೊಂದು. ಚರಿಗೆ ಕೆಳಗಿಟ್ಟೆ. ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತು ಬಂದೆ. ಇನ್ನೂ ಜೋರಾಗಿ ಕುಲುಕಿ ತೆಗೆದೆ. ಅಂಜಿನಯ್ಯ ಬಿಳಿ, ಹೊನ್ನೂರುಸ್ವಾಮಿ ಬಿಳಿ, ಬಿಳಿ, ಬಿಳಿ.

ಕೊನೆಯದಕ್ಕೆ ಕೈ ಹಾಕಲಿಲ್ಲ. ಚರಿಗೆ ಬೋರಲು ಹಾಕಿದೆ. ಕರಿ ಗುಂಡಿ ನೆಲಕ್ಕೆ ಬಿದ್ದು ಉರುಳಿ ಒಲೆಯ ಹತ್ತಿರ ನಿಂತಿತು.

ಆ ಮನೆಯಲ್ಲಿ ನಾನು ಒಬ್ಬಳೇ ಇದ್ದೆ. ಚರಿಗೆ ನನ್ನದು. ಕೈ ನನ್ನದು. ಬರಬಾರದು ಎಂದು ತೆಗೆದ ಕೈ.

ಭಾನುವಾರ ಸುಕನ್ಯಾ ಹೊಸಪೇಟೆಯಿಂದ ಬಂದಳು. ಅಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಗೋಡೆ ನೋಡಿದಳು. ಏನಿದು ಎಂದು ಕೇಳಲಿಲ್ಲ. ತಿಳಿಯಿತು ಅವಳಿಗೆ.

“ನಿಮ್ಮ ಮಾವ ಹಾಕಿದ ಲೆಕ್ಕ ತಪ್ಪೇನೇ?” ಎಂದು ಕೇಳಿದೆ.

“ಗುಣಿಸಿದ್ದು ಸರಿ ಐತಿ ಅವ್ವ.”

“ಮತ್ತ ಇದೇನು?”

ಅವಳು ಬ್ಯಾಗ್ ಕೆಳಗಿಟ್ಟು ನನ್ನ ಎದುರಿಗೆ ಕುಂತಳು. “ಶುರುವಾಗೋಕಿಂತ ಮೊದ್ಲ, ಅಪ್ಪಗ ಮೂರು ದಿನ ಬರತೈತಿ ಅಂತ ಹೆಸರು ಹಿಡಿದು ಹೇಳಿದ್ರ ನೂರಾ ಇಪ್ಪತ್ತೈದರಾಗ ಒಂದು. ಯಾರೂ ಹಂಗ ಹೇಳಿರ್ಲಿಲ್ಲಲ್ಲ. ಐವರಾಗ ಯಾರಿಗಾದ್ರೂ ಆಗ್ಲಿ ಅಂತ ನೋಡು. ಮೊದಲ್ನೇ ದಿನ ಯಾರಿಗಾದ್ರೂ ಬರಾಕ ಬೇಕು. ಆಮ್ಯಾಲಿನ ಎರಡು ದಿನ ಅವರಿಗೇ ಬರಬೇಕು. ಇಪ್ಪತ್ತೈದರಾಗ ಒಂದಾತು. ನಾವು ಎರಡು ತಿಂಗಳು ಎತ್ತತೀವಿ. ಒಂದು ಹಂಗಾಮಿಗೆ ಎರಡು ಸಲ ಆದ್ರೂ ಆಶ್ಚರ್ಯ ಇಲ್ಲ.”

“ಹೊನ್ನೂರುಸ್ವಾಮಿಗೆ ಆಗಿತ್ತು.”

“ಹೂಂ.”

“ನಿನ್ನೆ ಮೊನ್ನೆ ಬಂದೈತಿ, ಇವತ್ತಾದ್ರೂ ಬಿಡಬಾರದಾ?”

“ಚರಿಗಿಗೆ ನಿನ್ನೆದು ನೆನಪಿರಂಗಿಲ್ಲ ಅವ್ವ. ದಿನಾ ಅದಕ್ಕ ಹೊಸಾದು.”

“ಕೊನಿಗೆ ಕೈ ಹಾಕಿದ್ದಕ್ಕ ಅಂತಾರ.”

ಅವಳು ಗೋಡೆಯ ಕಡೆ ಕೈ ಮಾಡಿದಳು. “ನೀನ ಹಾಕೀಯಲ್ಲ ಚುಕ್ಕಿ, ನೋಡು.”

ನೋಡಿದೆ. ಐದು ಗೆರೆಯ ಕೆಳಗೂ ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಇಳಿದಿದ್ದವು. ಮೊದಲ ಕೈಗೆ ಕಡಿಮೆ ಇರಲಿಲ್ಲ. ಕೊನೆಯ ಕೈಗೆ ಜಾಸ್ತಿ ಇರಲಿಲ್ಲ. ಎರಡು ದಿನ ಚುಕ್ಕೆ ಇಟ್ಟವಳು ನಾನೇ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಕೊನೆಯವರಿಗೆ ಕರಿ ಬರಬೇಕಂದ್ರ ಮೊದಲಿನ ನಾಕೂ ಮಂದಿ ತಪ್ಪಿಸ್ಕಬೇಕು,” ಅಂದಳು. “ಅದು ಸುಮ್ಮನ ಆಗಂಗಿಲ್ಲ. ಅದಕ್ಕ ಎಲ್ಲರಿಗೂ ಅಷ್ಟ.”

“ಎಡಗಿವಿದು?”

“ಅದು ಮಾವ ಆದ ಮ್ಯಾಲ ಗುಣಿಸಿದ್ದು. ಹಂಗ ನೋಡಿದ್ರ ಅವತ್ತು ನೀ ಗಿರಣಿಗೆ ಹೋಗಿದ್ದಿ. ಕರೆಂಟ್ ಇತ್ತು. ಪಲ್ಯಕ್ಕ ಉಪ್ಪು ಕಮ್ಮಿ ಆಗಿತ್ತು ಅಂತಿ. ಅವನ್ನೂ ಗುಣಿಸು. ಸಾವಿರದಾಗ ಒಂದು ಅಂತ ಬರತೈತಿ. ಏನೂ ಆಗದ ದಿನದ್ದನ್ನ ಗುಣಿಸಿದ್ರೂ ಅಷ್ಟ ಸಣ್ಣದು ಬರತೈತಿ. ಯಾರು ಗುಣಿಸ್ತಾರ?”

ಆಮೇಲೆ ಕೇಳಿದೆ, “ನಿಂಗ ಇದು ಮೊದ್ಲ ಗೊತ್ತಿತ್ತೇನು?”

“ಮಾವ ಹೇಳಿದಾಗ್ಲೇ ಗೊತ್ತಾಗಿತ್ತು.”

“ಯಾಕ ಹೇಳ್ಲಿಲ್ಲ?”

“ನೀ ಅವತ್ತು ಉಂಡಿ,” ಅಂದಳು. “ಸಿಟ್ಟಿನ ಮ್ಯಾಲ ಆದ್ರೂ ಉಣ್ಲಿ ಅಂತ ಸುಮ್ಮನಿದ್ದೆ.”

ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಸೋಮವಾರ ಕಟ್ಟೆಯ ಸುತ್ತ ಊರು ಸೇರಿತ್ತು. ಅಣ್ಣ ಚಿತ್ತವಾಡ್ಗಿಯಿಂದ ಬೆಳಿಗ್ಗೆಯೇ ಬಂದಿದ್ದ. ಅಂಜಿನಯ್ಯ ಟವೆಲ್ ಎರಡೂ ಕೈಯಲ್ಲಿ ಹಿಡಿದು ಒಂದು ಬದಿಗೆ ನಿಂತಿದ್ದ. ಗಡ್ಡ ಬಿಟ್ಟಿದ್ದ. ಎರ್ರಮ್ಮ ಹೆಂಗಸರ ಹಿಂದೆ, ಗೋಡೆಗೆ ಒತ್ತಿಕೊಂಡು.

“ಕುಂದ್ರವ್ವ ಜಂಬವ್ವ,” ಅಂದರು ಹುಲುಗಪ್ಪಜ್ಜ. “ನೀ ಹೇಳೋಕಿಂತ ಮೊದ್ಲ ಅವನ್ನ ಒಂದು ಮಾತು ಕೇಳ್ತೀನಿ. ಏನಲೇ ಅಂಜಿನಯ್ಯ, ಅಂಗೈಯಾಗ ಗುಂಡಿ ಇಟ್ಕಂಡಿದ್ದಿ ಅಂತಾರ. ಹನುಮಪ್ಪನ ದೀಪ ಮುಟ್ಟತಿಯೇನು?”

“ಮುಟ್ಟತೀನಜ್ಜ. ಗುಂಡಿ ಇಟ್ಕಂಡಿಲ್ಲ.” ಅವನು ಗುಡಿಯ ದೀಪದ ಕಡೆ ಕೈ ಮಾಡಿದ. “ಆದ್ರ ನಂದು ತಪ್ಪಿಲ್ಲ ಅಂತ ಹೆಂಗ ಹೇಳ್ಲಿ? ದಿನಾ ನಾನ ಮೊದ್ಲ ಕೈ ಹಾಕತಿದ್ದೆ. ಅಂಜಿಕಿಗೆ ಹಾಕತಿದ್ದೆ. ಮೊದ್ಲ ಹಾಕಿದ್ರ ಬಿಳೇವು ಭಾಳ ಇರತಾವು, ತಪ್ಪಿಸ್ಕಬೋದು ಅಂತ. ಸುಂಕಪ್ಪಣ್ಣಗ ಕೊನಿಗೆ ಉಳೀತಿತ್ತು. ನಾ ತಪ್ಪಿಸ್ಕಂಡಿದ್ದು ಅಣ್ಣಗ ಹೋತು. ಊಟ ಸೇರವಲ್ದು ಜಂಬಕ್ಕ. ಹೊರಗ ಹಾಕ್ರಿ. ಹಾಕಿದ್ರ ನಿದ್ದಿ ಬಂದೀತು.”

ಅಣ್ಣ ನನ್ನ ಬೆನ್ನಿಗೆ ಮೆಲ್ಲಗೆ ಚುಚ್ಚಿದ. “ನೋಡು, ಬಾಯಿ ಬಿಟ್ಟ. ಹೇಳು ನೀನು.”

ನಾನು ಎದ್ದು ನಿಂತೆ. ಹೇಳುವುದು ಸುಲಭ ಇತ್ತು. ಅವನೇ ಕೇಳಿಕೊಳ್ಳುತ್ತಿದ್ದ.

“ಅಜ್ಜ, ಅಂಜಿನಯ್ಯ ಏನೂ ಮಾಡಿಲ್ಲ,” ಅಂದೆ. “ನಾನು ಮನ್ಯಾಗ ಚರಿಗಿ ಇಟ್ಕಂಡು ತಗದು ನೋಡೀನಿ. ಮೊದ್ಲ ಹಾಕಿದ್ರೂ ಅಷ್ಟ. ಕೊನಿಗೆ ಹಾಕಿದ್ರೂ ಅಷ್ಟ. ಮೂರು ಸಲ ಸತತ ಬರತೈತಿ. ನನ್ನ ಕೈಯಾಗೂ ಬಂತು.”

“ನಿಂಗ ತಲಿ ಕೆಟ್ಟೈತೇನು?” ಅಣ್ಣ ಕೂಗಿದ. “ಇನ್ನೂರೈವತ್ತರಾಗ ಒಂದು ಅಂತ ಎಷ್ಟು ಸಲ ಹೇಳ್ಬೇಕು ನಿಂಗ?”

“ಆ ಒಂದು ನಮ್ಮದಾತು ಅಣ್ಣ. ಯಾರದಾದ್ರೂ ಆಗಬೇಕಿತ್ತು.”

ಹೊನ್ನೂರುಸ್ವಾಮಿ ತಲೆ ತಗ್ಗಿಸಿದ. ಹುಲುಗಪ್ಪಜ್ಜ ಅಂಜಿನಯ್ಯನ ಕಡೆ ನೋಡಿ, “ಕೇಳಿದ್ಯಲ್ಲ? ಹೋಗು, ಉಣ್ಣು ಹೋಗು,” ಅಂದರು. ಅವನು ಹೋಗಲಿಲ್ಲ. ನಿಂತಲ್ಲೇ ಕುಂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

“ಇನ್ನೊಂದು ಮಾತೈತಿ,” ಅಂದೆ ನಾನು. “ಗುಂಡಿ ಎತ್ರಿ, ಬ್ಯಾಡ ಅನ್ನಂಗಿಲ್ಲ. ಕರಿ ಗುಂಡಿ ಎರಡು ಹಾಕ್ರಿ. ಬಂಡಿ ಹತ್ರ ಒಬ್ಬರನ್ನ ಕಳಿಸಬ್ಯಾಡ್ರಿ. ಇಬ್ಬರಿದ್ರ ಒಬ್ಬರ ಕಿವಿಗಾದ್ರೂ ಕೇಳತೈತಿ.”

ಅದಕ್ಕೆ ಎಲ್ಲರೂ ಒಪ್ಪಿದರು. ಮರುದಿನದಿಂದ ಹಾಗೆಯೇ ನಡೆಯಿತು. ನಮ್ಮ ಮನೆಯ ಪಾಲಿಗೆ ಹುಲುಗಪ್ಪಜ್ಜನ ಮಗ ಹೋದ. ತೆನೆ ಮುರಿಯುವ ತನಕ ಕರಡಿ ಎರಡು ಸಲ ಇಳಿಯಿತಂತೆ. ಯಾರಿಗೂ ಏನೂ ಆಗಲಿಲ್ಲ.

ಅಣ್ಣ ಆ ದಿನ ನಮ್ಮ ಮನೆಯಲ್ಲಿ ಉಣ್ಣದೆ ಬಸ್ಸು ಹತ್ತಿದ. ಒಂದು ತಿಂಗಳು ಫೋನ್ ಮಾಡಲಿಲ್ಲ. ಆಮೇಲೆ ಮಾಡಿದ. ಆ ಮಾತು ಇಬ್ಬರೂ ಎತ್ತುವುದಿಲ್ಲ.

ಕಟ್ಟೆಯಿಂದ ಬಂದ ಮೇಲೆ ಹಗುರ ಆಯಿತೇನು ಎಂದು ಕರೆಮ್ಮ ಕೇಳಿದಳು. ಗಿರಣಿಯವಳು. ಇಲ್ಲ. ಭಾರ ಆಯಿತು. ಅಂಜಿನಯ್ಯನ ಮೇಲೆ ಸಿಟ್ಟಿದ್ದ ದಿನಗಳಲ್ಲಿ ನನ್ನ ಗಂಡನನ್ನು ಯಾರೋ ಕಿತ್ತುಕೊಂಡಿದ್ದರು. ಕಿತ್ತುಕೊಂಡವನಿಂದ ಏನಾದರೂ ಕೇಳಬಹುದು. ಈಗ ಯಾರೂ ಕಿತ್ತುಕೊಂಡಿಲ್ಲ. ಚರಿಗೆಯೊಳಗೆ ಕೈ ಹಾಕಿದರು, ಕರಿ ಬಂತು. ಬಂಡೆ ಸುತ್ತಿದರು, ಕರಡಿ ಇತ್ತು. ಗುಂಡಿಗೆ ಕರಡಿ ಗೊತ್ತಿಲ್ಲ. ಕರಡಿಗೆ ಗುಂಡಿ ಗೊತ್ತಿಲ್ಲ. ಎರಡಕ್ಕೂ ನಮ್ಮ ಮನೆಯವರು ಗೊತ್ತಿಲ್ಲ. ಅವರನ್ನು ಬಲ್ಲವರು ನಾನು, ಮಗಳು, ಇನ್ನು ಕೆಲವರು.

ಗೋಡೆಗೆ ಸುಣ್ಣ ಹೊಡೆದೆ. ಇದ್ದಿಲು ಒಂದೇ ಸಲಕ್ಕೆ ಹೋಗಲಿಲ್ಲ, ಎರಡು ಕೈ ಹೊಡೆಯಬೇಕಾಯಿತು.

ಅಂಜಿನಯ್ಯನ ಜೊತೆ ಮಾತು ಇನ್ನೂ ಕೂಡಿ ಬಂದಿಲ್ಲ. ಎದುರಿಗೆ ಬಂದರೆ ಅವನು ಟವೆಲ್ ಹೆಗಲಿಂದ ಇಳಿಸುತ್ತಾನೆ. ನಾನು ತಲೆ ಆಡಿಸುತ್ತೇನೆ. ಎರ್ರಮ್ಮ ಕಂಪ್ಲಿ ಕಡೆಯ ಬಾಳೆ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ಹೆಂಗಸರನ್ನು ಹತ್ತಿಸಿಕೊಳ್ಳುವ ಟೆಂಪೋ ನಸುಕಿನಲ್ಲೇ ಬರುತ್ತದೆ. ನಮ್ಮ ಓಣಿಯ ನಳಕ್ಕೆ ನೀರು ಬರುವುದು ಅವಳು ಹೋದ ಮೇಲೆ. ಮೊದಲು ಓಣಿಯವರು ತುಂಬಿಡುತ್ತಿದ್ದ ಅವಳ ಕೊಡಗಳನ್ನು ಆ ಗುಲ್ಲಿನ ದಿನಗಳಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಬಾಗಿಲ ಮುಂದೆ ಖಾಲಿ ಬಿದ್ದಿರುತ್ತಿದ್ದವು. ಸಂಜೆ ದಣಿದು ಬಂದು ಕೆರೆಗೆ ಹೋಗುತ್ತಿದ್ದಳು.

ದಿನಾ ಬೆಳಿಗ್ಗೆ ನಳ ಗುಟುರು ಹಾಕಿದ ಕೂಡಲೇ ಎದ್ದು ಹೋಗುತ್ತೇನೆ. ಮೊದಲು ಬರುವುದು ಕೆಂಪು ನೀರು, ಅದನ್ನು ಬಿಡುತ್ತೇನೆ. ತಿಳಿ ಬಂದ ಮೇಲೆ ನಮ್ಮ ಎರಡು ಕೊಡ ತುಂಬಿ ಒಳಗಿಡುತ್ತೇನೆ. ಆಮೇಲೆ ಎರ್ರಮ್ಮನ ಎರಡು ಕೊಡ ತೊಳೆದು, ತುಂಬಿ, ಅವರ ಬಾಗಿಲ ಹತ್ತಿರ ಇಟ್ಟು, ನಾಯಿ ಬಾಯಿ ಹಾಕದಂತೆ ತಟ್ಟೆ ಮುಚ್ಚಿ ಬರುತ್ತೇನೆ.